ರೇಟ್ ಹೇಳಿದ ಮೇಲಿನ ಮೌನ

ಜಯನಗರದಲ್ಲಿ ನನ್ನದೊಂದು ಕರ್ಟನ್ ಬಟ್ಟೆ ಅಂಗಡಿ. ಫುಟ್‌ಪಾತ್ ಮೇಲೆ ದಿಂಬಿನ ಕವರ್ ಹರಡಿಕೊಂಡು ಶುರು ಮಾಡಿದವನು ನಾನು. ಹೊಸದಾಗಿ ವ್ಯಾಪಾರಕ್ಕೆ ಇಳಿಯೋರು ಯಾರಾದರೂ ಸಿಕ್ಕರೆ, ಅವರು ಕೇಳಲಿ ಬಿಡಲಿ, ಒಂದು ಮಾತು ಹೇಳಿಯೇ ಕಳಿಸ್ತೀನಿ: ರೇಟ್ ಹೇಳಿದ ಮೇಲೆ ಬಾಯಿ ಮುಚ್ಕೊಂಡಿರಿ. ಗಿರಾಕಿ ಬಟ್ಟೆ ಮುಟ್ಟಿ ನೋಡಲಿ, ಗಂಡನ ಮುಖ ನೋಡಲಿ, ಎದ್ದು ಹೋಗುವ ನಾಟಕ ಆಡಲಿ, ನೀವು ಮಾತ್ರ ಬಟ್ಟೆ ಮಡಿಸ್ತಾ ಇರಬೇಕು. ಯಾರು ಮೊದಲು ಬಾಯಿ ಬಿಡ್ತಾರೋ ಅವರೇ ಇಳೀಬೇಕು.

ಈ ವಿದ್ಯೆಯನ್ನು ನಾನು ದೇವರ ಮುಂದೆಯೂ ಪ್ರಯೋಗ ಮಾಡಿದೆ.

ನನ್ನ ಹೆಂಡತಿ ಕ್ರೈಸ್ತರ ಮನೆಯವಳು. ನಮ್ಮದು ವಿಭೂತಿ ಹಚ್ಚುವ ಮನೆ. ಇಷ್ಟಪಟ್ಟು ಮದುವೆಯಾದಾಗಲೇ ಒಪ್ಪಂದ ಮಾಡಿಕೊಂಡಿದ್ದೆವು: ಅವಳ ಭಾನುವಾರ ಅವಳದು, ನನ್ನ ಸೋಮವಾರ ನನ್ನದು. ಅವಳು ಚರ್ಚ್‌ನ ಗಾಯನ ತಂಡದಲ್ಲಿ ಹಾಡುತ್ತಿದ್ದಳು. ಚಿಕ್ಕಲಸಂದ್ರದ ಮನೆಯಿಂದ ಬನಶಂಕರಿಯ ಟ್ರಾಫಿಕ್ ದಾಟಿಸಿ ಅವಳನ್ನು ಗೇಟಿನ ಹತ್ತಿರ ಇಳಿಸಿ, ನಾನು ಹೊರಗೆ ಸ್ಕೂಟರ್ ಮೇಲೆ ಕೂತು ಸಪ್ಲೈಯರ್‌ಗಳ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಕಿಟಕಿಗಳಿಂದ ಹಾಡು ಕೇಳುತ್ತಿತ್ತು. ಎಷ್ಟು ಜನ ಕೂಡಿ ಹಾಡಿದರೂ ಅವಳ ದನಿ ಯಾವುದೆಂದು ನನಗೆ ಗೊತ್ತಾಗುತ್ತಿತ್ತು.

ಹೋದ ಮಳೆಗಾಲದಲ್ಲಿ ಅವಳ ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು ಕಾಣಿಸಿತು. ಆಪರೇಷನ್ ಆಗಲೇಬೇಕು ಎಂದರು.

"ಜೀವಕ್ಕೇನೂ ಭಯ ಇಲ್ಲ," ಎಂದರು ಡಾಕ್ಟರ್. "ಆದ್ರೆ ದನಿಯ ನರ ಅಲ್ಲೇ ಪಕ್ಕದಲ್ಲಿದೆ. ಮಾತು ಬರುತ್ತೆ. ಹಾಡೋದು ಮೊದಲಿನ ಹಾಗೇ ಇರುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ."

ಗ್ಯಾರಂಟಿ ಇಲ್ಲದ ಮಾಲು ಕೊಳ್ಳುವವನಲ್ಲ ನಾನು. ಇನ್ನೊಬ್ಬ ಡಾಕ್ಟರ್ ಹತ್ತಿರ ಹೋದೆವು, ಮತ್ತೊಬ್ಬರ ಹತ್ತಿರ ಹೋದೆವು. ಎಲ್ಲರದೂ ಅದೇ ಮಾತು.

"ರೀ, ಡಾಕ್ಟರಿಗೂ ಅಂಗಡಿ ಅಂಗಡಿ ತಿರುಗ್ತಾರಾ? ಸಾಕು ಬಿಡಿ," ಎಂದಳು ಅವಳು, ಆಟೋದಲ್ಲಿ. ಹೇಳಿ ಮುಖ ಆ ಕಡೆ ತಿರುಗಿಸಿದಳು. ಅಡುಗೆ ಮಾಡುವಾಗ ಗುನುಗುವುದು ಅವತ್ತಿನಿಂದ ನಿಂತುಹೋಯಿತು. ನಮ್ಮ ಮನೆಯಲ್ಲಿ ಕುಕ್ಕರ್ ಮಾತ್ರ ಕೂಗುತ್ತಿತ್ತು.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ಅಂಗಡಿ ಬಿಟ್ಟು ಒಬ್ಬನೇ ಚರ್ಚ್‌ಗೆ ಹೋದೆ. ಒಳಗೆ ಫಾದರ್ ಒಬ್ಬರೇ ಬಲಿಪೀಠದ ಬಟ್ಟೆ ಬದಲಾಯಿಸುತ್ತಿದ್ದರು. ನೇರವಾಗಿ ಕೇಳಿದೆ.

"ಫಾದರ್, ನಿಮ್ಮಲ್ಲಿ ಹರಕೆ ಹೇಗೆ? ಯಾವುದಕ್ಕೆ ಬೇಗ ಕೆಲಸ ಆಗುತ್ತೆ?"

ಸ್ಕೂಟರ್ ಮೇಲೆ ಕೂರುವ ಆಸಾಮಿ ಎಂದು ಅವರಿಗೆ ನನ್ನ ಗುರುತಿತ್ತು. "ಏನು ಕೊಡ್ಬೇಕು ಅಂತಿದೀರಿ?"

"ಇಡೀ ಚರ್ಚ್‌ಗೆ ಕರ್ಟನ್ ಹಾಕಿಸ್ತೀನಿ. ಒಳ್ಳೇ ಬಟ್ಟೆ, ಬಣ್ಣ ಹೋಗಲ್ಲ."

ಅವರು ಕಿಟಕಿಗಳ ಕಡೆ ನೋಡಿದರು. "ಬೆಳಕು ಬರ್ಲಿ ಅಂತಾನೇ ಇಷ್ಟು ಕಿಟಕಿ ಇಟ್ಟಿರೋದು," ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಯೇಸುಸ್ವಾಮಿಗೆ ನಿಮ್ಮಿಂದ ಏನೂ ಬೇಕಾಗಿಲ್ಲ. ಕೂತ್ಕೊಳ್ಳಿ, ಹೇಳೋದು ಹೇಳಿ," ಎಂದು ಮಾಸಿದ ಬಟ್ಟೆ ತೋಳಿನ ಮೇಲೆ ಹಾಕಿಕೊಂಡು ಹೊರಟುಹೋದರು.

ಏನೂ ಬೇಡ ಅನ್ನುವ ಗಿರಾಕಿಯಷ್ಟು ಕಷ್ಟದವನು ಇನ್ನೊಬ್ಬನಿಲ್ಲ. ಆದರೂ ಬೆಂಚಿನ ಮೇಲೆ ಕೂತು, ಶಿಲುಬೆಯ ಕಡೆ ನೋಡಿ, ನನ್ನ ರೇಟ್ ಹೇಳಿದೆ: ಅವಳ ದನಿ ಉಳಿಸಿಕೊಡು, ಕರ್ಟನ್ ಬೇಡವಾದರೆ ಬೇರೆ ಏನಾದರೂ ಕೇಳು. ಹೇಳಿ, ಅಭ್ಯಾಸದಂತೆ ಬಾಯಿ ಮುಚ್ಚಿದೆ. ಮೊದಲು ಅವನೇ ಮಾತಾಡಲಿ.

ಜೇಬಿನಲ್ಲಿ ಫೋನ್ ಅದುರಿತು. ತೆಗೆಯಲಿಲ್ಲ. ಹೊರಗೆ ಬಸ್ಸುಗಳ ಹಾರ್ನ್, ಯಾರೋ ಸೊಪ್ಪು ಮಾರುವ ಕೂಗು. ಶಿಲುಬೆಯ ಮೇಲಿನವನು ಸುಮ್ಮನಿದ್ದ. ಎಂಥ ಹಠಮಾರಿ ಗಿರಾಕಿಯೂ ನನ್ನ ಮುಂದೆ ಅಷ್ಟು ಹೊತ್ತು ತಡೆದದ್ದಿಲ್ಲ. ಕಾಯುತ್ತಾ ಅವನ ಕೈಗಳನ್ನು ನೋಡಿದೆ. ಎರಡೂ ಚಾಚಿದ್ದವು, ಎರಡೂ ಖಾಲಿ. ಇವನು ವ್ಯಾಪಾರಕ್ಕೆ ಕೂತವನಲ್ಲ, ಇದ್ದದ್ದೆಲ್ಲ ಆಗಲೇ ಕೊಟ್ಟು ಮುಗಿಸಿದವನು ಅನ್ನಿಸಿತು. ನನ್ನ ಹೆಗಲು ತಾನಾಗಿ ಕೆಳಗಿಳಿಯಿತು. ಅದನ್ನು ಅಷ್ಟು ದಿನ ಬಿಗಿಹಿಡಿದಿದ್ದೆ ಎಂಬುದೇ ನನಗೆ ತಿಳಿದಿರಲಿಲ್ಲ.

ಮೊದಲು ಬಾಯಿ ಬಿಟ್ಟವನು ನಾನೇ.

"ನಂಗೆ ಭಯ ಆಗ್ತಿದೆ," ಎಂದೆ. "ದನಿ ಕೊಟ್ರೆ ಕೊಡು, ಇಲ್ದಿದ್ರೆ ಇಲ್ಲ. ಅವಳ ಜೊತೆ ಮಾತ್ರ ಇರು."

ಅಷ್ಟು ಇಳಿದು ಮಾತಾಡಿದರೂ ಸೋತೆ ಅನ್ನಿಸಲಿಲ್ಲ. ಅಂಥದ್ದು ನನಗೆ ಅದೇ ಮೊದಲು.

ಆಪರೇಷನ್ ಆದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು, "ಅಂಗಡಿ ಯಾರು ನೋಡ್ಕೋತಿದಾರೆ?" ಗೋಣಿಚೀಲ ಎಳೆದಂಥ ದನಿ. ಬರಬರುತ್ತಾ ಮಾತು ತಿಳಿಯಾಯಿತು. ಮೇಲಿನ ಸ್ವರಗಳು ಮಾತ್ರ ಬರಲಿಲ್ಲ. ಅವಳು ಗಾಯನ ತಂಡ ಬಿಟ್ಟು ಕೊನೆಯ ಬೆಂಚಿನಲ್ಲಿ ಕೂರತೊಡಗಿದಳು. ಎಲ್ಲರೂ ಹಾಡುವಾಗ ತುಟಿ ಬಿಗಿದುಕೊಂಡಿರುತ್ತಿದ್ದಳು.

ನಾನು ಸ್ಕೂಟರ್‌ಗೆ ಸ್ಟ್ಯಾಂಡ್ ಹಾಕಿ ಒಳಗೆ ಹೋಗಿ ಅವಳ ಪಕ್ಕ ಕೂರತೊಡಗಿದೆ. ಈಗ ನಾನೂ ಕ್ರೈಸ್ತನಾಗಲು, ಜ್ಞಾನಸ್ನಾನಕ್ಕೆಂದು ಫಾದರ್ ಹತ್ತಿರ ಪಾಠ ಕಲಿಯುತ್ತಿದ್ದೇನೆ. ಅಮ್ಮನಿಗೆ ಹೇಳಿದಾಗ ಅವಳು ಎದ್ದು ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದಳು. ಆಮೇಲೆ, "ಸೋಮವಾರ ಊಟಕ್ಕೆ ಬರ್ತೀಯ ತಾನೇ?" ಎಂದಳು. ಬರ್ತೀನಿ ಎಂದೆ. ಹೋಗುತ್ತಲೂ ಇದ್ದೇನೆ.

ದೇವರ ಮುಂದೆ ಕೂರೋಕೆ ಟೈಮ್ ಇಲ್ಲ ಅನ್ನೋರಿಗೆ ನನ್ನ ಸಲಹೆ ಇಷ್ಟು. ಶಟರ್ ಎತ್ತುವ ಮುಂಚೆ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂರಿ. ಏನೂ ಕೇಳಬೇಡಿ, ಏನೂ ಕೊಡ್ತೀನಿ ಅನ್ನಬೇಡಿ. ಗಿರಾಕಿ ಬಂದರೆ ಬರಲಿ, ಕಾಯ್ತಾರೆ. ಬೇರೆ ಅಂಗಡಿಗೆ ಹೋದರೂ ಲೋಕ ಮುಳುಗಲ್ಲ. ಇದನ್ನು ನಾನು ಹೇಳ್ತಿದೀನಿ ಅಂದ್ರೆ ಯೋಚನೆ ಮಾಡಿ.

ಮೊನ್ನೆ ಭಾನುವಾರ ಹಾಡಿನ ಪುಸ್ತಕ ಹಿಡಿದು ನಾನೇ ಜೋರಾಗಿ ಹಾಡಿದೆ. ಅವಳು ಮೊಣಕೈಯಿಂದ ತಿವಿದಳು.

"ರೀ, ನೀವು ಹೀಗೆ ಹಾಡಿದ್ರೆ ಚರ್ಚ್ ಖಾಲಿ ಆಗುತ್ತೆ."

"ಹಂಗಾದ್ರೆ ನೀನು ಹೇಳಿಕೊಡು."

ರಾಗ ತೋರಿಸಲೆಂದು ಅವಳು ಕೆಳದನಿಯಲ್ಲಿ ಒಂದು ಸಾಲು ಹಾಡಿದಳು. ಒರಟು ದನಿ, ಮೊದಲಿನದಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಅವಳು ಅದನ್ನು ಗಮನಿಸಲಿಲ್ಲ; ಮುಂದಿನ ಸಾಲನ್ನೂ ಎತ್ತಿಕೊಂಡಳು.