ಹಣ್ಣಿಲ್ಲದ ಚಪ್ಪರ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ಮಾಲಿ ಹಳೆಯ ಬನಿಯನ್ ಬಟ್ಟೆಯಲ್ಲಿ ಗಂಧಕದ ಪುಡಿ ಕಟ್ಟಿಕೊಂಡು ಗುಲಾಬಿ ಗಿಡಗಳ ಮೇಲೆ ಉದುರಿಸುತ್ತಿದ್ದ. ಲಿಫ್ಟಿನಿಂದ ಹೊರಗೆ ಬಂದ ನನ್ನ ಮೂಗಿಗೆ ಆ ವಾಸನೆ ಬಡಿಯಿತು. ಸುಟ್ಟ ಗಂಧಕದ್ದಲ್ಲ, ಸುಡದ ಗಂಧಕದ್ದು. ಒಣಗಿದ, ಸ್ವಲ್ಪ ಕಮಟಾದ, ಗಂಟಲಿನ ಹಿಂಬದಿಗೆ ಹೋಗಿ ಕೂತುಬಿಡುವ ವಾಸನೆ. ಅದರ ಜೊತೆಗೇ ದೊಡ್ಡವ್ವ ಬಂದಳು. ತಲೆಗೆ ಬಿಳಿ ಟವೆಲ್ ಸುತ್ತಿಕೊಂಡು, ದ್ರಾಕ್ಷಿ ಚಪ್ಪರದ ಕೆಳಗೆ, ಹಳದಿ ಪುಡಿಯ ಮೋಡದ ನಡುವೆ ನಿಂತಿದ್ದಾಳೆ. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೆ ಕೂಡಲೇ ಅನುಮಾನ ಬಂತು. ಅವ್ವನಿಗೆ ಫೋನ್ ಮಾಡಿ ಕೇಳಿದೆ. "ಯಾರ ಹೇಳಿದ್ರೋ ನಿನಗ? ಔಷಧ ಸುರು ಆದಮ್ಯಾಲ ಗಂಧಕದ ಚೀಲಾ ಮನಿ ಸಮೀಪ ತರಗೊಟ್ಟಿಲ್ಲ ನಾನು. ಆ ವಾಸನಿಗೆ ಅಕ್ಕಗ ಹೊಟ್ಟಿ ತೊಳಸತಿತ್ತು," ಎಂದಳು. ಅಂದರೆ ಟವೆಲ್ ಇದ್ದ ದಿನಗಳಲ್ಲಿ ಗಂಧಕ ಇರಲಿಲ್ಲ, ಗಂಧಕವಿದ್ದ ದಿನಗಳಲ್ಲಿ ದೊಡ್ಡವ್ವನ ತಲೆಯ ಮೇಲೆ ದಟ್ಟ ಕೂದಲಿತ್ತು. ಎರಡನ್ನೂ ಸೇರಿಸಿ ಹೊಲಿದವನು ನಾನೇ. ಹೈದರಾಬಾದಿನ ತಾರ್ನಾಕದ ಕಾಲೇಜಿನಲ್ಲಿ ಇತಿಹಾಸ ಓದುವಾಗ ನಮಗೊಂದು ಮಾತು ಕಲಿಸಿದ್ದರು: ಒಬ್ಬನೇ ಸಾಕ್ಷಿಯನ್ನು ನಂಬಬೇಡಿ, ಅವನು ಚೆನ್ನಾಗಿ ಹೇಳುತ್ತಿದ್ದರಂತೂ ನಂಬಲೇಬೇಡಿ. ಆಮೇಲೆ ನಾನು ಊರು ಬದಲಿಸಿದೆ, ಕೆಲಸ ಬದಲಿಸಿದೆ, ಇತಿಹಾಸವನ್ನೂ ಬಿಟ್ಟೆ. ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಆದ್ದರಿಂದ ಇಲ್ಲಿ ಬರೆಯುವುದನ್ನು ನೀವೂ ಅಷ್ಟೇ ಎಚ್ಚರದಿಂದ ಓದಬೇಕು.

ನಮ್ಮ ತೋಟ ಲಿಂಗಂಪಲ್ಲಿ ಸ್ಟೇಷನ್ ದಾಟಿ ಮುಂದೆ, ಬಂಡೆಗಳ ಸಾಲಿನ ಮಗ್ಗುಲಲ್ಲಿತ್ತು. ಹೈದರಾಬಾದಿನ ಸುತ್ತ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ದ್ರಾಕ್ಷಿಯೇ ಇತ್ತು ಎಂದು ಈಗ ಯಾರಿಗಾದರೂ ಹೇಳಿದರೆ ಮುಗುಳ್ನಗುತ್ತಾರೆ. ಈಗ ಕಂಪನಿಗಳ ಬಸ್ಸುಗಳು ದಿನವೂ ತಿರುಗುವ ದೊಡ್ಡ ವೃತ್ತವಿದೆಯಲ್ಲ, ಅಲ್ಲಿಂದ ನೋಡಿದರೆ ಕಲ್ಲುಕಂಬಗಳ ಮೇಲೆ ತಂತಿ ಹೆಣೆದ ಚಪ್ಪರಗಳು, ಅವುಗಳ ಮೇಲೆ ಹಸಿರು ಹೊದಿಕೆ, ನೆಲದಿಂದ ಒಂದಾಳು ಎತ್ತರದಲ್ಲಿ ಇನ್ನೊಂದು ನೆಲವಿದ್ದಂತೆ ಹರಡಿಕೊಂಡಿರುತ್ತಿತ್ತು. ಹಬ್ಬಿದ್ದೆಲ್ಲ ಅನಾಬೆ ಶಾಹಿ, ಉದ್ದ ಮಣಿಯ, ಬೆಳಕು ಬಿದ್ದರೆ ಒಳಗಿನ ಬೀಜ ಕಾಣುವ ಬಿಳಿ ದ್ರಾಕ್ಷಿ. ಅಜ್ಜ ವಿಜಾಪುರದ ಕಡೆಯಿಂದ ಬಂದು ಕೊಂಡ ಹೊಲ ಅದು. ಅಲ್ಲಿ ಬಳ್ಳಿ ಹಬ್ಬಿಸಿದವಳು ಮಾತ್ರ ದೊಡ್ಡವ್ವ. ಅವಳ ತವರಿನಲ್ಲಿ ದ್ರಾಕ್ಷಿ ತೋಟವಿತ್ತು. ದೊಡ್ಡಪ್ಪ ನೀರು, ಕರೆಂಟು, ಮಾರ್ಕೆಟ್ಟು ನೋಡಿಕೊಳ್ಳುತ್ತಿದ್ದ. ನನ್ನ ಅಪ್ಪ ಜೀಡಿಮೆಟ್ಲಾದ ಔಷಧ ಕಾರ್ಖಾನೆಗೆ ಹೋಗುತ್ತಿದ್ದ. ಸಂಜೆ ಅವನ ಅಂಗಿ ಹುಳಿ ಆಮ್ಲದ ವಾಸನೆ ಹೊತ್ತು ಬರುತ್ತಿತ್ತು. ಅವ್ವ ಅಡಿಗೆಮನೆ ಬಿಟ್ಟು ತೋಟಕ್ಕೆ ಕಾಲಿಟ್ಟಿದ್ದು ಕಡಿಮೆ. ದೊಡ್ಡವ್ವ, ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ನಾನಿದ್ದೆ. ಒಳಗೆ ಕನ್ನಡ, ಬೇಲಿ ದಾಟಿದರೆ ತೆಲುಗು, ಹಣ್ಣಿನ ಮಂಡಿಯಲ್ಲಿ ಹಿಂದಿ. ದೊಡ್ಡವ್ವ ಸಿಟ್ಟು ಬಂದಾಗ ಮೂರನ್ನೂ ಒಂದೇ ಉಸಿರಲ್ಲಿ ಆಡುತ್ತಿದ್ದಳು. ಆಗಲೇ ಪೂರ್ವದಿಕ್ಕಿನಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಮಧ್ಯಾಹ್ನದ ಬಿಸಿಲು ಅವುಗಳಿಗೆ ತಾಗಿ ನಮ್ಮ ಅಂಗಳಕ್ಕೆ ಬೀಳುತ್ತಿತ್ತು, ಒಣಹಾಕಿದ ಮೆಣಸಿನಕಾಯಿ ಒಂದು ದಿನ ಮುಂಚೆಯೇ ಒಣಗುತ್ತಿತ್ತು.

ದ್ರಾಕ್ಷಿ ಬೆಳೆಯದವರಿಗೆ ಒಂದು ವಿಷಯ ಹೇಳಲೇಬೇಕು, ಇಲ್ಲವಾದರೆ ಮುಂದಿನದು ತಿಳಿಯುವುದಿಲ್ಲ. ಬಳ್ಳಿಯನ್ನು ವರ್ಷಕ್ಕೆ ಎರಡು ಸಲ ಸವರಬೇಕು. ನಮ್ಮ ಕಡೆ ಅದಕ್ಕೆ ಚಾಟ್ನಿ ಎನ್ನುತ್ತಾರೆ. ಬೇಸಿಗೆಯ ಚಾಟ್ನಿಯಲ್ಲಿ ಕಡ್ಡಿಯ ಬುಡದಲ್ಲಿ ಎರಡು ಕಣ್ಣು, ಅಂದರೆ ಚಿಗುರೊಡೆಯುವ ಗಿಣ್ಣು, ಉಳಿಸಿ ಉಳಿದದ್ದನ್ನೆಲ್ಲ ಕತ್ತರಿಸುವುದು. ಅದು ಬಳ್ಳಿ ಮತ್ತೆ ಮೈ ತುಂಬಿಕೊಳ್ಳಲಿ ಎಂದು. ಮಳೆ ನಿಂತ ಮೇಲಿನ ಚಾಟ್ನಿ ಹಣ್ಣಿಗಾಗಿ. ಗೊನೆ ಹೊರುವ ಕಣ್ಣುಗಳು ಬುಡದಿಂದ ದೂರ ಇರುವುದರಿಂದ ಆಗ ಕಡ್ಡಿಯನ್ನು ಉದ್ದ ಬಿಡಬೇಕು. ಎಲ್ಲಿಗೆ ಕತ್ತರಿಸಬೇಕೆಂದು ದೊಡ್ಡವ್ವ ಕಣ್ಣಿನಿಂದ ನೋಡುತ್ತಿರಲಿಲ್ಲ. ಕಡ್ಡಿಯ ಮೇಲೆ ಹೆಬ್ಬೆರಳು ಜಾರಿಸುತ್ತ ಹೋಗಿ, ದುಂಡಗೆ ಉಬ್ಬಿದ ಒಂದು ಕಣ್ಣು ಸಿಕ್ಕ ಕೂಡಲೇ ಅದರ ಮುಂದೆ ಕತ್ತರಿ ಹಾಕುತ್ತಿದ್ದಳು. ಮುಖ ಬೇರೆ ಎಲ್ಲೋ ಇರುತ್ತಿತ್ತು, ಬಾಯಿ ಕೂಲಿಗೆ ಬಂದ ಯಾದಮ್ಮನ ಜೊತೆ ಹರಟುತ್ತಿರುತ್ತಿತ್ತು.

ಗಂಟು ಸಿಕ್ಕಿದ್ದೂ ಆ ಹೆಬ್ಬೆರಳಿಗೇ. ಒಂದು ಬೇಸಿಗೆ, ಚಾಟ್ನಿ ಮುಗಿದ ವಾರ, ಸ್ನಾನ ಮಾಡುವಾಗ ಎದೆಯ ಪಕ್ಕದಲ್ಲಿ. ಅವಳು ಅದನ್ನು ಮೊದಲು ಹೇಳಿದ್ದು ಅವ್ವನಿಗೆ, ಜೋಳದ ಹಿಟ್ಟು ನಾದುತ್ತ. ಆಮೇಲೆ ಆಪರೇಷನ್ ಆಯಿತು, ಮಳೆಗಾಲದ ಹೊತ್ತಿಗೆ ಕೀಮೊ ಶುರುವಾಯಿತು. ಮೂರು ವಾರಕ್ಕೊಮ್ಮೆ ಅವಳೂ ಅವ್ವನೂ ಬೆಳಗಿನ ರೈಲಿಗೆ ಪೇಟೆಯ ಆಸ್ಪತ್ರೆಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಸೂಜಿಯಲ್ಲಿ ಹೋಗುವ ಔಷಧ ಕೆಂಪಗಿತ್ತಂತೆ. "ನನಗ ಕರೀ ದ್ರಾಕ್ಷಿ ರಸ ಆಗಬರೂದಿಲ್ಲವಾ ಅಂತ ನರ್ಸಮ್ಮಗ ಹೇಳಿದೆ, ನಕ್ಕಳು," ಎಂದು ದೊಡ್ಡವ್ವ ಬಂದು ಹೇಳಿದಳು. ಸ್ಟೇಷನ್ನಿನಿಂದ ಆಟೋದಲ್ಲಿ ಬಂದವಳು ಮನೆಗೆ ಬಾರದೆ ಮೊದಲು ಚಪ್ಪರದ ಕೆಳಗೆ ಒಂದು ಸುತ್ತು ಹಾಕುತ್ತಿದ್ದಳು. ಮರುದಿನದಿಂದ ನಾಲ್ಕೈದು ದಿನ ಅಂಗಳದ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗುವಳು. ನೀರು ಕಬ್ಬಿಣದ ರುಚಿ, ರೊಟ್ಟಿ ಕಬ್ಬಿಣದ ರುಚಿ. ಆರನೆಯ ದಿನವೋ ಏಳನೆಯ ದಿನವೋ ಎದ್ದು, ಮೋಟರಿಗೆ ಕರೆಂಟು ಬಂತೇನು ಎಂದು ಕೇಳಿದರೆ ಮನೆಯವರೆಲ್ಲ ಒಂದು ಬಗೆಯ ಬಿಡುಗಡೆ ಅನುಭವಿಸುತ್ತಿದ್ದರು. ಮಣ್ಣು ಮುಟ್ಟಬೇಡಿ, ಗಾಯ ಮಾಡಿಕೊಳ್ಳಬೇಡಿ, ಜನರ ನಡುವೆ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು. ಅವಳು ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಳ್ಳಿಯ ಬುಡಕ್ಕೆ ಗೊಬ್ಬರ ಹಾಕಿದಳು. ಅದು ಡಾಕ್ಟರ ಮಾತು ಕೇಳಿದಂತೆಯೂ ಆಯಿತು, ಕೇಳದಂತೆಯೂ ಆಯಿತು.

ಕೂದಲು ಉದುರಿದ ದಿನ ಯಾದಮ್ಮ ಸೆರಗು ಬಾಯಿಗೊತ್ತಿ "ಇದೇಂದಮ್ಮಾ, ಇದೇಂದಮ್ಮಾ" ಎಂದು ಅಳಲು ಶುರುಮಾಡಿದಳು. ದೊಡ್ಡವ್ವ ಅವಳನ್ನೇ ಗದರಿದಳು: "ಯಾಕ ಅಳತಿ? ಬ್ಯಾಸಿಗಿ ಚಾಟ್ನಿ ಆಗೇತಿ ನನಗ. ಚಿಗೀಲಿಕ್ಕೆ ಟೈಮ್ ಬೇಕೋ ಬ್ಯಾಡೋ?" ಯಾದಮ್ಮನಿಗೆ ಕನ್ನಡ ಪೂರ್ತಿ ಬರದಿದ್ದರೂ ಚಾಟ್ನಿ ಎಂಬುದು ತಿಳಿಯಿತು. ಅಳುತ್ತಲೇ ನಕ್ಕಳು. ಇದನ್ನು ನಾನು ಕಣ್ಣಾರೆ ಕಂಡೆನೋ, ಮನೆಯಲ್ಲಿ ಮತ್ತೆ ಮತ್ತೆ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ ತಿಳಿಯದು.

ಮಳೆ ಹಿಂದೆಗೆಯುವ ಹೊತ್ತಿಗೆ ಬೇರೆಯೇ ತೊಂದರೆ ಬಂತು. ದೊಡ್ಡವ್ವನ ಬೆರಳ ತುದಿಗಳು ಮರಗಟ್ಟಿದವು. ಕುಪ್ಪಸದ ಗುಂಡಿ ಹಾಕಲು ಅವ್ವನನ್ನು ಕರೆಯುತ್ತಿದ್ದಳು. ಔಷಧದಿಂದ ಹಾಗಾಗುತ್ತದೆ, ಕೆಲವರಿಗೆ ಮರಳಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂದರು ಡಾಕ್ಟರು. ಒಂದು ಬೆಳಿಗ್ಗೆ ಅವಳು ಕತ್ತರಿ ಹಿಡಿದು ಚಪ್ಪರದ ಮೊದಲ ಬಳ್ಳಿಯ ಹತ್ತಿರ ನಿಂತು ಕಡ್ಡಿಯ ಮೇಲೆ ಹೆಬ್ಬೆರಳು ಜಾರಿಸಿದಳು. ಮತ್ತೆ ಜಾರಿಸಿದಳು. ಆಮೇಲೆ ನೋಡಿದರೆ ಎಡಗೈಯಿಂದ ರಕ್ತ ಸುರಿಯುತ್ತಿತ್ತು. ಕತ್ತರಿ ತಗಲಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

"ಸಾಕ ಬಿಡು ನೀಲಾ," ಎಂದ ದೊಡ್ಡಪ್ಪ. "ಈ ಸಲಾ ನಾ ಮಾಡಸ್ತೀನಿ."

"ಉದ್ದ ಬಿಡಬೇಕ್ರಿ. ಐದ ಕಣ್ಣಿಗಿಂತ ಕಡಿಮಿ ಆಗಬಾರ್ದು."

"ನನಗ ಗೊತ್ತಿಲ್ಲೇನು? ಇಷ್ಟು ವರ್ಷ ನಾ ಏನ ದನಾ ಕಾದೀನಾ?"

"ಕಾದೀರಿ. ಮೂರ ಎಮ್ಮಿ ಅದಾವಲ್ಲ," ಎಂದಳು ದೊಡ್ಡವ್ವ. ಅವ್ವ ಅವಳ ಕೈಗೆ ಬಟ್ಟೆ ಕಟ್ಟುತ್ತ ನಕ್ಕಳು.

ಆ ಗಾಯದಿಂದಲೋ ಏನೋ ಅವಳಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅವಳು ಅಲ್ಲಿದ್ದಾಗಲೇ ಚಾಟ್ನಿ ನಡೆಯಿತು. ದೊಡ್ಡಪ್ಪ ಯಾದಮ್ಮನ ಗುಂಪನ್ನು ಕರೆಸಿ, ತಾನೇ ಮೊದಲ ಬಳ್ಳಿ ಸವರಿ ತೋರಿಸಿದ. ಉಳಿದವರು ಅದರಂತೆಯೇ ಮಾಡುತ್ತ ಹೋದರು. ಯಾದಮ್ಮ ನಡುವೆ ಒಮ್ಮೆ ಬಂದು ಏನೋ ಕೇಳಿದ್ದಳು, ದೊಡ್ಡಪ್ಪ ಕೈಬೀಸಿ ಕಳಿಸಿದ್ದ ಎಂದು ನನಗೆ ನೆನಪು.

ದೊಡ್ಡವ್ವ ಆಟೋದಿಂದ ಇಳಿದು ಎಂದಿನಂತೆ ಮೊದಲು ಚಪ್ಪರದ ಕಡೆ ಹೋದಳು. ಅವ್ವ ಚೀಲ ಹಿಡಿದುಕೊಂಡು ಹಿಂದೆ, ನಾನು ಅವ್ವನ ಹಿಂದೆ. ಚಪ್ಪರದ ಮೇಲೆ ಏನೂ ಉಳಿದಿರಲಿಲ್ಲ. ಕಲ್ಲುಕಂಬ, ತಂತಿ, ದಪ್ಪ ತೋಳುಗಳು, ಅವುಗಳ ಮೇಲೆ ಬೆರಳುದ್ದದ ಮೊಂಡುಗಳು. ತೋಟವನ್ನೆಲ್ಲ ಎರಡೇ ಕಣ್ಣಿಗೆ ಸವರಿದ್ದರು. ಬೇಸಿಗೆಯ ಚಾಟ್ನಿಯನ್ನು ದೊಡ್ಡಪ್ಪ ಚಳಿಯ ಬಾಗಿಲಲ್ಲಿ ಮಾಡಿಸಿದ್ದ. ಆ ವರ್ಷ ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ. ಕತ್ತರಿಸಿದ ಕಡ್ಡಿಯನ್ನು ಯಾರೂ ತಿರುಗಿ ಅಂಟಿಸಲಾರರು.

ದೊಡ್ಡಪ್ಪ ಮೋಟರಿನ ಕೋಣೆಯಿಂದ ಬಂದು ನಿಂತ.

"ಏನ್ರಿ ಇದು?"

"ಮರತೆ."

"ಮರತ್ರಿ?"

"ತಲಿ ನೆಟ್ಟಗಿರಲಿಲ್ಲ. ದವಾಖಾನಿ ಚಿಂತಿಯೊಳಗ ಇದ್ದೆ." ಬಳ್ಳಿಯ ಕಡೆ ನೋಡಿ ಹೇಳಿದ: "ಬಳ್ಳಿ ಒಂದ ವರ್ಷ ಆರಾಮ ಮಾಡ್ಲಿ ಬಿಡು. ನೀನೂ ಮಾಡು. ಮುಂದಿನ ವರ್ಷ ಎರಡ ಪಟ್ಟು ಬರತೈತಿ."

ದೊಡ್ಡವ್ವ ಒಂದು ಮೊಂಡು ಕಡ್ಡಿಯನ್ನು ಹಿಡಿದುಕೊಂಡೇ ಇದ್ದಳು. "ಮುಂದಿನ ವರ್ಷ ನಿಮಗ ಐತ್ರಿ. ನನಗ ಯಾರ ಬರಕೊಟ್ಟಾರ? ನನಗ ಈ ಸಲದ ಹಣ್ಣ ಬೇಕಾಗಿತ್ತು."

ಅವಳು ಹಣ್ಣಿಗೆ ಆಸೆಪಟ್ಟವಳಲ್ಲ. ತಿಂದರೂ ಅದು ಕಬ್ಬಿಣದ ರುಚಿಯೇ ಆಗುತ್ತಿತ್ತು. ಆದರೆ ಆಸ್ಪತ್ರೆಯ ಮಂಚದ ಮೇಲೆ, ಗೋಡೆಗೆ ಮುಖ ಮಾಡಿ ಮಲಗಿದಾಗ, ಹೂವಾಯಿತು, ಈಗ ಮಣಿ ಕಟ್ಟಿತು, ಈಗ ನೀರು ತುಂಬಿತು ಎಂದು ಅವಳು ಬೆಳೆಯ ಒಂದೊಂದು ಹಂತದ ಮೇಲೆ ಕಾಲಿಡುತ್ತ ಆ ದಿನಗಳನ್ನು ದಾಟಲು ಎಣಿಸಿದ್ದಳು ಎಂದು ಅವ್ವ ನನಗೆ ಬಹಳ ವರ್ಷಗಳ ನಂತರ ಹೇಳಿದಳು. ಅದು ಅವ್ವನ ಊಹೆಯೋ ದೊಡ್ಡವ್ವನ ಮಾತೋ ಎಂದು ನಾನು ಕೇಳಲಿಲ್ಲ.

ಆ ಚಳಿಗಾಲ ನಮ್ಮ ಮನೆ ಕಂಡ ಚಳಿಗಾಲಗಳಲ್ಲಿ ಬೇರೆಯದು. ಬಳ್ಳಿ ಹುಚ್ಚು ಹಿಡಿದಂತೆ ಎಲೆ ಬಿಟ್ಟಿತು. ಹಣ್ಣಿಲ್ಲದ್ದರಿಂದ ಔಷಧ ಹೊಡೆಯುವವರಿಲ್ಲ, ಡಬ್ಬಿ ಬಾರಿಸಿ ಹಕ್ಕಿ ಓಡಿಸುವವರಿಲ್ಲ, ದಲಾಲರ ಸ್ಕೂಟರುಗಳಿಲ್ಲ. ಸುಮ್ಮನೆ ನೆರಳು. ದೊಡ್ಡಪ್ಪ ಹೊರಸನ್ನು ಅದರ ಕೆಳಗೆ ಹೊತ್ತು ತಂದು ಹಾಕಿದ. ಮೊದಲ ಕೆಲವು ದಿನ ಅವಳು ಅದರ ಮೇಲೆ ಕೂರಲಿಲ್ಲ. ಅವನ ಜೊತೆ ಮಾತೂ ಆಡಲಿಲ್ಲ. ಬೇಕಾದದ್ದನ್ನು ನನ್ನ ಮೂಲಕ ಹೇಳಿಸುತ್ತಿದ್ದಳು, ಅವನು ಎದುರಿಗೇ ಇದ್ದರೂ: "ನಿನ್ನ ದೊಡ್ಡಪ್ಪಗ ಹೇಳು, ಎಮ್ಮಿ ಒದರಾಕತ್ತೈತಿ ಅಂತ." ಅವನೂ ನನಗೇ ಉತ್ತರ ಕೊಡುತ್ತಿದ್ದ. ಒಂದು ದಿನ ಶಾಲೆಯಿಂದ ಬಂದು ನೋಡಿದರೆ ಅವಳು ಹೊರಸಿನ ಮೇಲೆ, ಅವನು ನೆಲದ ಮೇಲೆ ಕೂತು ಅವಳ ಅಂಗಾಲಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ. ಅವಳ ಕಾಲಿಗೂ ಜೋಮು ಹಿಡಿದಿತ್ತು. "ಗೊತ್ತಾಗತೈತೇನು?" ಎಂದ. "ಇಲ್ಲ," ಎಂದಳು. "ಈಗ?" "ಇಲ್ಲ. ಬ್ಯಾರೆ ಯಾರದರ ಕಾಲು ತಿಕ್ಕಾಕತ್ತೀರೇನ ನೋಡಕೋರಿ." ಔಷಧ ಮುಗಿಯಿತು. ತಲೆಯ ಮೇಲೆ ಎಳೆಗೂಸಿನದಂತಹ ಮೆತ್ತನೆಯ ಕೂದಲು ಬಂತು. ಅಕ್ಕಪಕ್ಕದ ತೋಟಗಳು ಒಂದೊಂದಾಗಿ ಮಾರಾಟವಾಗಿ ಕಲ್ಲುಕಂಬಗಳು ಲಾರಿ ಹತ್ತಿದವು. ನಮ್ಮದು ಉಳಿದಿತ್ತು.

ಮರುವರ್ಷ ಮಳೆ ನಿಂತ ಮೇಲೆ ದೊಡ್ಡವ್ವ ತಾನೇ ಕತ್ತರಿ ಹಿಡಿದಳು. ಹೆಬ್ಬೆರಳು ಪೂರ್ತಿ ಮರಳಿರಲಿಲ್ಲ. ಕಡ್ಡಿಯನ್ನು ಮೂಗಿನ ಹತ್ತಿರ ತಂದು, ಕನ್ನಡಕ ಹಾಕಿಕೊಂಡು, ಒಂದೊಂದು ಕಣ್ಣನ್ನೂ ನೋಡಿ ಕತ್ತರಿಸಿದಳು. ಎಂದಿಗಿಂತ ಮೂರು ಪಟ್ಟು ಹೊತ್ತು ಹಿಡಿಯಿತು. ಹೂವಾಯಿತು, ಮಣಿ ಕಟ್ಟಿತು, ದೊಡ್ಡಪ್ಪ ಹೇಳಿದಂತೆ ಎರಡು ಪಟ್ಟು ಗೊನೆ. ಆಗಲೇ ಅವಳಿಗೆ ಬೆನ್ನು ನೋವು ಶುರುವಾಯಿತು. ಚಾಟ್ನಿಯಲ್ಲಿ ಕೈ ಎತ್ತಿ ಎತ್ತಿ ನೋವು ಎಂದುಕೊಂಡೆವು, ಅವಳೂ ಹಾಗೇ ಅಂದಳು. ರೋಗ ಎಲುಬಿಗೆ ಹೋಗಿತ್ತು. ಸಂಕ್ರಾಂತಿಗೆ ಎಳ್ಳು ಹಂಚಿದ್ದಳು. ಅದಾದ ಮೇಲೆ ಅವಳು ಬಹಳ ದಿನ ಇರಲಿಲ್ಲ. ಚಪ್ಪರದಲ್ಲಿ ಹಣ್ಣಿಗೆ ಇನ್ನೂ ಸಿಹಿ ಇಳಿದಿರಲಿಲ್ಲ.

ದೊಡ್ಡಪ್ಪನನ್ನು ನಾನು ಕೇಳಿದ್ದು ಕಾಲೇಜಿನ ದಿನಗಳಲ್ಲಿ. ತೋಟ ಮಾರಾಟವಾಗಿ, ಅವನು ನಮ್ಮ ಜೊತೆ ಮೂರನೇ ಮಹಡಿಯಲ್ಲಿ ಇದ್ದ. ಅಷ್ಟು ವರ್ಷ ಚಪ್ಪರದ ಕೆಳಗೇ ಬಾಳಿದವನು ಋತು ಮರೆಯುವುದು ನನ್ನ ಬುದ್ಧಿಗೆ ಒಪ್ಪಿರಲಿಲ್ಲ. "ಬೇಕಂತ ಮಾಡಿದ್ರೇನು?" ಎಂದೆ.

"ಅಕಿನೂ ಇದನ್ನ ಕೇಳತಿದ್ಲು."

"ಏನ್ ಹೇಳತಿದ್ರಿ?"

"ಮರತೆ ಅಂತಿದ್ದೆ." ಬಾಲ್ಕನಿಯ ಸರಳು ಹಿಡಿದು ಕೆಳಗೆ ನೋಡಿದ. "ಹಣ್ಣು ಬಂದಿದ್ರ ಅಕಿ ಮಲಗತಿದ್ಲೇನೋ? ಆ ಮೈಯಾಗ ಹಣ್ಣಿನ ಹಿಂದ ಓಡಾಡಿ ಸಾಯತಿದ್ಲು. ಮತ್ತ ಬೇಕಂತ ಮಾಡೀನಿ ಅಂದ್ರ, ನೀವು ನನ್ನ ಆಗ್ಲೇ ಕೈಬಿಟ್ಟೀರಿ ಅಂತಿದ್ಲು. ಮರತೆ ಅಂದ್ರ ಬರೇ ಹುಚ್ಚ ಅಂತಾಳ. ಅದು ನಡೀತೈತಿ."

ಇದು ನಿಜವಿರಬಹುದು. ಮರೆತವನೊಬ್ಬ ವರ್ಷಗಟ್ಟಲೆ ಅದನ್ನೇ ನೆನೆನೆನೆದು ಕೊನೆಗೆ ತನಗೊಂದು ಒಳ್ಳೆಯ ಕಾರಣ ಕಟ್ಟಿಕೊಂಡದ್ದೂ ಇರಬಹುದು. ಅವನು ಚೆನ್ನಾಗಿ ಹೇಳಿದ. ಅವಳಿಗೆ ಒಂದು ಚಳಿಗಾಲದ ನೆರಳು ಕೊಟ್ಟದ್ದೂ, ಅವಳು ಕಾಣಬಹುದಾಗಿದ್ದ ಕೊನೆಯ ಬೆಳೆಯನ್ನು ಕಿತ್ತುಕೊಂಡದ್ದೂ ಒಂದೇ ಕತ್ತರಿ. ಎರಡನ್ನೂ ಬೇರೆ ಮಾಡಿ ತೂಗಲು ನಾನು ಹಲವು ಸಲ ನೋಡಿದ್ದೇನೆ. ಬರುವುದಿಲ್ಲ.

ಅವಳು ಹೋದ ಮೇಲಿನ ಕೊಯ್ಲು ಮಾತ್ರ ಯಾರೂ ಹೇಳಿಕೊಡದೆ ನನ್ನಲ್ಲಿ ಉಳಿದದ್ದು ಎಂದುಕೊಂಡಿದ್ದೇನೆ. ಗೊನೆಯಲ್ಲಿ ಕಟ್ಟಕಡೆಗೆ ಹಣ್ಣಾಗುವುದು ತುದಿಯ ಮಣಿ. ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡು ದೊಡ್ಡವ್ವ "ಆಗೇತಿ" ಅನ್ನದೆ ನಮ್ಮ ತೋಟದಲ್ಲಿ ಒಂದು ಗೊನೆಯನ್ನೂ ಕತ್ತರಿಸುತ್ತಿರಲಿಲ್ಲ. ಆ ಬೆಳಿಗ್ಗೆ ಯಾದಮ್ಮನ ಗುಂಪು ಬುಟ್ಟಿ ಹಿಡಿದು ಬಂದು ನಿಂತಿತು, ದಲಾಲನ ವ್ಯಾನು ಬಂದು ನಿಂತಿತು, ದೊಡ್ಡಪ್ಪ ಚಪ್ಪರದ ಅಂಚಿನಲ್ಲಿ ಅತ್ತ ಮುಖ ಮಾಡಿ ನಿಂತುಬಿಟ್ಟ. ಯಾರೂ ಒಳಗೆ ಹೋಗಲಿಲ್ಲ. ಬಿಸಿಲು ಏರಿತು. ಕೊನೆಗೆ ಅವ್ವ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಹತ್ತಿರದ ಗೊನೆಯ ತುದಿಯಿಂದ ಒಂದು ಮಣಿ ಕಿತ್ತು ಬಾಯಿಗೆ ಹಾಕಿಕೊಂಡು, "ಆಗೇತ್ರಿ, ಕಡೀರಿ," ಎಂದಳು. ಯಾದಮ್ಮ ಒಂದು ತಿಂದಳು, ದೊಡ್ಡಪ್ಪ ಒಂದು ತಿಂದ, ನನಗೂ ಒಂದು ಕೊಟ್ಟರು. ಹುಳಿಯಿತ್ತು. ಇನ್ನೂ ಒಂದು ವಾರ ಬಿಡಬೇಕಿತ್ತು. ಎಲ್ಲರೂ ನುಂಗಿಕೊಂಡೆವು, ಬುಟ್ಟಿ ಎತ್ತಿಕೊಂಡು ಒಳಗೆ ಹೋದೆವು.