ಧಾರೆ ಎರೆಯಲು ಹೊರಟ ಸುಗುಣ

ನಮ್ಮ ಕುಂದಾಪುರದ ಕಡೆ ಯಾರ ಮನೆಯಿಂದ ಹೊರಡುವಾಗಲೂ ‘ಹೋಗುತ್ತೇನೆ’ ಎನ್ನುವ ಕ್ರಮ ಇಲ್ಲ. ಹೋಗುವವರೆಲ್ಲ ‘ಬತ್ತೆ’, ಎಂದರೆ ಬರುತ್ತೇನೆ, ಎಂದೇ ಹೋಗುವುದು. ಹತ್ತು ವರ್ಷಕ್ಕೆಂದು ಮುಂಬಯಿಗೆ ಹೊರಟವನೂ ‘ಬತ್ತೆ ಅಕಾ’ ಎನ್ನುತ್ತಾನೆ, ಪಕ್ಕದ ಮನೆಗೆ ಮಜ್ಜಿಗೆಗೆ ಹೋದವಳೂ ಅದನ್ನೇ ಹೇಳಿ ಮೆಟ್ಟಿಲಿಳಿಯುತ್ತಾಳೆ. ಫೋನು ಬಂದ ಮೇಲೆ ಫೋನು ಇಡುವುದಕ್ಕೂ ಅದೇ ಮಾತಾಯಿತು. ಬೈಂದೂರಿನ ಸುಗುಣ ಈ ಒಂದು ಮಾತಿನಲ್ಲಿ ಸಿಕ್ಕಿಬಿದ್ದದ್ದು ಎರಡು ಸಾವಿರದ ಎರಡನೇ ಇಸವಿಯಲ್ಲಿ.

ಅವಳ ಮನೆ ಕಡಲ ಬದಿಯ ಕೇರಿಯಲ್ಲಿ. ಗಂಡ ಕುಷ್ಟ ದೋಣಿಗೆ ಹೋಗುವವನು. ಅವಳು ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವವಳು. ಬಾಯಿ ಜೋರು. ಅವಳು ‘ಬಂಗ್ಡೇ’ ಎಂದು ಕೂಗಿದರೆ ಮೂರು ಮನೆಯಾಚೆ ಮಲಗಿದ ಬೆಕ್ಕೂ ಎದ್ದು ಮೈಮುರಿಯುತ್ತದೆ ಎಂದು ಕೇರಿಯವರು ನಗುತ್ತಿದ್ದರು. ಮಕ್ಕಳಿಬ್ಬರು. ರತನ್‌ಗೆ ಏಳು, ಚಂದನಾಗೆ ಐದು.

ಮದುವೆಗೆ ಮೊದಲು ಅವಳು ಕೋಟೇಶ್ವರದಲ್ಲಿದ್ದಳು. ಅಲ್ಲಿನ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಏಳು ವರ್ಷ ದುಡಿದಳು. ಆ ಏಳು ವರ್ಷವೂ ಪಕ್ಕದಲ್ಲಿ ಕೂತು ಬೀಜದ ಸಿಪ್ಪೆ ತೆಗೆದವಳು ವನಜ. ತಂದೆ ತಾಯಿ ಇಲ್ಲದ ಹುಡುಗಿ, ದೊಡ್ಡಮ್ಮನ ಮನೆಯಲ್ಲಿ ಬೆಳೆದವಳು. ಇಬ್ಬರದೂ ಒಂದೇ ಬುತ್ತಿ, ಒಂದೇ ಕೊಡೆ. ಮೇಸ್ತ್ರಿ ಬೈದರೆ ಇಬ್ಬರಿಗೂ ಸೇರಿಸಿಯೇ ಬೈಯುತ್ತಿದ್ದ. ಸುಗುಣ ಮದುವೆಯಾಗಿ ಬೈಂದೂರಿಗೆ ಬಂದಳು. ದೊಡ್ಡಮ್ಮ ತೀರಿಕೊಂಡ ಮೇಲೆ ವನಜ ಬ್ರಹ್ಮಾವರದಲ್ಲಿದ್ದ ಸೋದರಮಾವ ಚಂದಯ್ಯನ ಮನೆಗೆ ಹೋದಳು. ನಡುವೆ ಇರುವುದು ಬಸ್ಸಿನಲ್ಲಿ ಎರಡು ತಾಸಿನ ದಾರಿ. ಆದರೆ ದಿನಾ ಮೀನು, ದಿನಾ ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ‘ಈ ಮಳೆ ಕಳೀಲಿ, ಹೋಪ’ ಎನ್ನುತ್ತಲೇ ಒಂಬತ್ತು ಮಳೆಗಾಲ ಕಳೆದವು.

ಬೀದಿಯಲ್ಲಿ ನಗು ಬರುವಂಥದ್ದೇನಾದರೂ ಕಂಡರೆ ಸುಗುಣ ಈಗಲೂ ‘ಇದನ್ನ ವನಜಂಗೆ ಹೇಳ್ಕ್’ ಎಂದುಕೊಳ್ಳುತ್ತಿದ್ದಳು. ಹೇಳದೆ ಉಳಿದದ್ದು ಒಂಬತ್ತು ವರ್ಷದ್ದು ಗುಡ್ಡೆ ಬಿದ್ದಿತ್ತು.

ಹಾಗಿರುವಾಗ ಮಾರ್ಚ್ ತಿಂಗಳ ಒಂದು ಸಂಜೆ, ಫೋನು ಇಟ್ಟುಕೊಂಡಿದ್ದ ನಾಗುವಿನ ಅಂಗಡಿಯಿಂದ ‘ನಿಂಗೆ ಫೋನ್’ ಎಂದು ಕರೆ ಬಂತು. ಸುಗುಣ ಓಡಿಹೋಗಿ ಹಿಡಿದಳು.

“ಹೆಣೆ ಸುಗುಣ! ನನ್ ಮದಿ ನಿಘಂಟಾಯ್ತ್!”

ಒಂಬತ್ತು ವರ್ಷದ ಮೇಲೆ ಕೇಳಿದ ದನಿ. ಆದರೂ ಸುಗುಣ ಕೀಟಲೆ ಬಿಡಲಿಲ್ಲ. “ಯಾರ್ ಮಾರಾಯ್ತಿ ಆ ಪಾಪದವ್ರ್?”

“ರಾಮ ಅಂದೇಳಿ. ಮುಂಬಯಿ ಡೊಂಬಿವಿಲಿಯಂಗೆ ಕ್ಯಾಂಟೀನ್ ಇತ್ತ್. ಮದಿ ಆದ್ ದಿನವೇ ಸಂಜಿ ರೈಲಿಗ್ ಹೊರಡುದ್. ಕೇಣ್ ಇಲ್ಲಿ, ನಂಗೆ ಅಪ್ಪಯ್ಯ ಅಬ್ಬಿ ಇಲ್ಲೆ ಅಲ್ದಾ? ಧಾರೆ ನೀನೂ ಕುಷ್ಟಣ್ಣನೂ ಎರಿಕ್. ಮಾವ ನಾನ್ ಎರಿತೆ ಅಂದ್ರ್. ನಾ ಬೇಡ ಅಂದೆ.”

“ನಾನಾ? ನಿನ್ಕಿಂತ ಒಂದ್ ವರ್ಷ ಸಣ್ಣ ನಾನ್! ಮಗಳಿಗಿಂತ ಅಬ್ಬಿ ಸಣ್ಣ ಆದ್ರೆ ಜನ ಎಂತ ಹೇಳುದ್?”

“ಜನ ಎಂತ ಬೇಕಾರೂ ಹೇಳ್ಲಿ.”

ನಾಗು ಹಿಂದಿನಿಂದ, “ಬೇಗ ಬಿಡ್ ಮಾರಾಯ್ತಿ, ದುಬೈ ಫೋನ್ ಬಪ್ದಿತ್ತ್” ಎಂದು ಅವಸರ ಮಾಡಿದ. ಸುಗುಣನಿಗೆ ಗಲಿಬಿಲಿ. ಗಂಡನನ್ನು ಕೇಳಬೇಕು, ಅತ್ತೆಯನ್ನು ನೋಡಿಕೊಳ್ಳಲು ಯಾರಾದರೂ ಸಿಗಬೇಕು. ಅದನ್ನೆಲ್ಲ ಹೇಳುವಷ್ಟು ಪುರುಸೊತ್ತಿಲ್ಲದೆ, “ಕಾಂಬ, ಬತ್ತೆ ಅಕಾ” ಎಂದು ಫೋನು ಇಟ್ಟಳು.

ಅವಳು ಹೇಳಿದ್ದು ನೋಡೋಣ, ಫೋನು ಇಡುತ್ತೇನೆ ಎಂದು. ವನಜ ಕೇಳಿಸಿಕೊಂಡದ್ದು ಬರುತ್ತೇನೆ ಎಂದು.

ಹದಿನೈದು ದಿನ ಬಿಟ್ಟು ಅಂಚೆಯಲ್ಲಿ ಕಾಗದ ಬಂತು. ಮೂಲೆಗೆ ಅರಸಿನ ಹಚ್ಚಿದ ಮದುವೆಯ ಕರೆಯೋಲೆ. ಕುಷ್ಟ ಬಲೆ ಹೆಣೆಯುತ್ತಿದ್ದವನು ಕೈ ಒರೆಸಿಕೊಂಡು ಓದಿದ. “ಧಾರೆ ಎರೆದು ಕೊಡುವವರು, ಶ್ರೀಮತಿ ಸುಗುಣ ಮತ್ತು ಶ್ರೀ ಕುಷ್ಟ, ಬೈಂದೂರು.” ಎರಡನೇ ಸಲ ಓದಿದ.

“ಇದೆಂತ? ನನ್ ಹೆಸ್ರ್ ಪ್ರಿಂಟ್ ಆಯಿತ್ತಲೆ!”

“ಹ್ವಾಯ್, ನಾ ಬತ್ತೆ ಅಂದದ್ ಫೋನ್ ಇಡೂಕೆ...”

“ನೀ ಫೋನ್ ಇಟ್ಟೆ, ವನಜ ಧಾರೆ ಇಟ್ಕಂಡ್ತ್” ಎಂದು ಕುಷ್ಟ ನಕ್ಕುಬಿಟ್ಟ. “ಇನ್ನ್ ಹೋಯ್ದೆ ಉಪಾಯ ಇಲ್ಲೆ. ಅಬ್ಬಿನ್ನ ಅಕ್ಕನ ಮನೆಯಂಗೆ ಬಿಡುವ.”

ಸುಗುಣ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅತ್ತೆಯ ಗಂಜಿ ಕಲಸುವ ನೆಪದಲ್ಲಿ ಬಹಳ ಹೊತ್ತು ಹೊರಗೆ ಬರಲಿಲ್ಲ. ತಪ್ಪಿ ಆಡಿದ ಮಾತೇ ತನ್ನ ಕೆಲಸ ಮಾಡಿಕೊಟ್ಟಿತ್ತು. ಅವಳು ಕೇಳಲು ಹೆದರಿದ್ದನ್ನು ಕಾಗದ ಕೇಳಿತ್ತು.

ಮೇ ತಿಂಗಳು. ಮುಹೂರ್ತ ಹನ್ನೊಂದೂ ಐವತ್ತಕ್ಕೆ, ಬ್ರಹ್ಮಾವರದ ಹೈವೇ ಬದಿಯ ಮದುವೆ ಹಾಲಿನಲ್ಲಿ. ಬಸ್ಸಿಗೆ ಹೋದರೆ ಸಾಕಿತ್ತು. ಆದರೆ ಮಕ್ಕಳು ರೈಲು ಹತ್ತಿದವರಲ್ಲ. ಊರಿಗೆ ರೈಲು ಬಂದು ನಾಲ್ಕು ವರ್ಷವಾಗಿದ್ದರೂ ಅವರು ಅದಕ್ಕೆ ಗೇಟಿನ ಹತ್ತಿರ ನಿಂತು ಕೈಬೀಸಿದ್ದಷ್ಟೆ. “ಪ್ಯಾಸೆಂಜರಿಗ್ ಬಾರ್ಕೂರಿನ ತನಕ ಒಂದ್ ತಾಸ್. ಅಲ್ಲಿಂದ ರಿಕ್ಷಾ. ಹತ್ತ್ ಮುಕ್ಕಾಲಿಗೆ ಹಾಲಂಗೆ ಚಾ ಕುಡೀತ್ ಇಪ್ಪ” ಎಂದು ಕುಷ್ಟ ಲೆಕ್ಕ ಹಾಕಿದ.

ಒಂಬತ್ತೂವರೆಗೆ ಬೈಂದೂರಿನಲ್ಲಿ ರೈಲು ಹತ್ತಿದರು. ಮಕ್ಕಳು ಕಿಟಕಿಗೆ ಜಗಳವಾಡಿದರು. ಸುಗುಣ ಕೆಂಪು ಸೀರೆಯ ನೆರಿಗೆಯನ್ನು ಮಡಿಲಲ್ಲಿ ಹಿಡಿದು ಕೂತು, ವನಜನಿಗೆ ಮೊದಲು ಯಾವುದನ್ನು ಹೇಳುವುದು ಎಂದು ಯೋಚಿಸುತ್ತಿದ್ದಳು. ಸಂಜೆಯೊಳಗೆ ಅಷ್ಟನ್ನೂ ಹೇಳಿ ಮುಗಿಸಬೇಕು. ಸಂಜೆಗೆ ಅವಳು ಮುಂಬಯಿ ದಾರಿ ಹಿಡಿಯುತ್ತಾಳೆ. ಆಮೇಲೆ ಎರಡು ತಾಸಿನ ದಾರಿಯೂ ಇರುವುದಿಲ್ಲ.

ಸೇನಾಪುರದಲ್ಲಿ ರೈಲು ನಿಂತಿತು. ನಿಂತದ್ದು ನಿಂತೇ ಇತ್ತು. ಎದುರಿನಿಂದ ಎಕ್ಸ್‌ಪ್ರೆಸ್ ಬರಬೇಕು, ಇರುವುದು ಒಂದೇ ಹಳಿ, ಕ್ರಾಸಿಂಗ್ ಆಗದೆ ಬಿಡುವುದಿಲ್ಲ ಎಂದರು. ಹತ್ತೂಕಾಲಾಯಿತು. ಹತ್ತೂ ಮುಕ್ಕಾಲಾಯಿತು. ಕುಷ್ಟ ಬಾಗಿಲಿಗೂ ಸೀಟಿಗೂ ಹತ್ತು ಸಲ ಓಡಾಡಿದ.

“ಕಡಲಂಗೆ ಆರೆ ಗಾಳಿ ಕಂಡ್ ಹೇಳ್ಲಕ್ಕ್. ಇದನ್ನ ಎಂತ ಕಂಡ್ ಹೇಳುದ್? ಇಳೀನಿ, ಬಸ್ಸಿಗೆ ಹೋಪ!”

ಎದುರು ಸೀಟಿನಲ್ಲಿ ಕೂತಿದ್ದ ಅಜ್ಜ, “ಈಗ ಬಿಡ್ತ್ ಮಾರಾಯ್ರೆ, ಕೂಕಣಿ” ಎಂದರು. ಕುಷ್ಟ ಕೇಳುವವನಲ್ಲ. ದೋಣಿ ಕೆಟ್ಟರೆ ನೀರಿಗೆ ಹಾರಿ ತಳ್ಳುವ ಜಾತಿಯ ಮನುಷ್ಯ, ಸುಮ್ಮನೆ ಕೂತು ಅವನಿಗೆ ಗೊತ್ತೇ ಇಲ್ಲ. ಇಬ್ಬರು ಮಕ್ಕಳನ್ನೂ ಎತ್ತಿ ಇಳಿಸಿದ. ಸ್ಟೇಷನ್ನಿನ ಹೊರಗೆ ಒಂದು ರಿಕ್ಷಾ ಸಿಕ್ಕಿತು. ಅರ್ಧ ಮೈಲು ಹೋಗಿರಲಿಲ್ಲ. ಎಕ್ಸ್‌ಪ್ರೆಸ್ ಧಡಧಡ ದಾಟಿತು. ಅದರ ಬೆನ್ನಿಗೇ ಪ್ಯಾಸೆಂಜರ್ ಕೂಗು ಹಾಕಿ ಹೊರಟಿತು. ಚಂದನಾ ಖುಷಿಯಲ್ಲಿ ಕೈಬೀಸಿದಳು. “ಅಪ್ಪಾ, ನಮ್ ರೈಲ್ ಹೋಯ್ತ್!”

ಸುಗುಣ ಅವಳ ಕೈಯನ್ನು ಒಳಗೆಳೆದುಕೊಂಡಳು. ಕುಷ್ಟ ಬೆವರು ಒರೆಸಿಕೊಂಡು ದಾರಿ ನೋಡುತ್ತ ಕೂತ.

ಹೈವೇಗೆ ಬಂದು ಸಿಕ್ಕಿದ ಬಸ್ಸು ಹತ್ತಿದರು. ಅದು ಕೈ ಅಡ್ಡ ಮಾಡಿದಲ್ಲೆಲ್ಲ ನಿಲ್ಲುವ ಬಸ್ಸು. ಕುಂದಾಪುರದಲ್ಲಿ ಇಳಿದು, “ಉಡ್ಪಿ ಉಡ್ಪಿ ಉಡ್ಪಿ” ಎಂದು ಕೂಗುತ್ತಿದ್ದ ಇನ್ನೊಂದಕ್ಕೆ ನುಗ್ಗಿದರು. ಅದು ತನ್ನ ಟೈಮಿಗೆ ಮೊದಲು ಹೊರಡುವುದಿಲ್ಲ. ಕೋಟೇಶ್ವರ ಬಂದಾಗ ಸುಗುಣ ಕಾರ್ಖಾನೆಗೆ ತಿರುಗುವ ದಾರಿಯನ್ನು ನೋಡಲಿಲ್ಲ, ಕಂಡಕ್ಟರನ ಗಡಿಯಾರವನ್ನೇ ನೋಡುತ್ತಿದ್ದಳು. ಕೋಟ ದಾಟುವಾಗ ಹನ್ನೊಂದೂ ಐವತ್ತಾಯಿತು.

ಈಗ ಅಲ್ಲಿ ವಾಲಗ ಜೋರಾಗಿರುತ್ತದೆ. ವನಜ ಬಾಗಿಲ ಕಡೆ ನೋಡುತ್ತಿರುತ್ತಾಳೆ. ಭಟ್ರು ‘ಹೊತ್ತು ಮೀರ್ತದೆ’ ಎನ್ನುತ್ತಾರೆ. ಸುಗುಣ ತನ್ನೆರಡು ಅಂಗೈಗಳನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಕೂತಳು. ಬಸ್ಸು ಸಾಲಿಗ್ರಾಮದಲ್ಲಿ ಒಬ್ಬರನ್ನು ಇಳಿಸಿ ಇಬ್ಬರನ್ನು ಹತ್ತಿಸಿಕೊಂಡಿತು.

ಹಾಲಿಗೆ ಕಾಲಿಟ್ಟಾಗ ಹನ್ನೆರಡೂಕಾಲು. ಊಟದ ಎಲೆ ಹಾಕುತ್ತಿದ್ದರು. ಬಾಗಿಲಲ್ಲೇ ಸೋದರಮಾವ ಚಂದಯ್ಯ ನಿಂತಿದ್ದರು, ಪಂಚೆಯ ಅಂಚು ಧಾರೆಯ ನೀರಿಗೆ ಇನ್ನೂ ಒದ್ದೆ.

“ಬನ್ನಿ ಬನ್ನಿ. ಧಾರೆ ಎರೂಕೆ ಬಂದದ್ದಾ, ಪಾಯಸಕ್ಕೆ ಬಂದದ್ದಾ?”

ಕುಷ್ಟ ತಲೆ ತಗ್ಗಿಸಿ, “ತಪ್ಪ್ ನಂದ್ ಚಂದಯ್ಯಣ್ಣ. ರೈಲ್ ಇಳ್ಸದ್ ನಾನ್” ಎಂದ.

“ಹೆಣ್ಣ್ ಕೊನಿ ಗಳಿಗಿ ತನಕ ಕೈ ಮುಂದ್ ಮಾಡ್ಲಿಲ್ಲೆ. ಸುಗುಣ ಬತ್ತ್, ಬತ್ತ್ ಅಂದೇಳಿ. ಮುಹೂರ್ತ ಕಾಯ್ತಿಲ್ಲೆ ಅಲ್ದಾ? ನಾನೇ ಎರ್‍ದೆ” ಎಂದು ಅವರು ದನಿ ಇಳಿಸಿದರು.

ಸುಗುಣ ಮಂಟಪದ ಕಡೆ ನೋಡಿದಳು. ವನಜ ದಪ್ಪಗಾಗಿದ್ದಳು. ಕೂದಲಲ್ಲಿ ಬಿಳಿ ಗೆರೆಯೊಂದು ಮಲ್ಲಿಗೆಯ ಕೆಳಗಿನಿಂದ ಇಣುಕುತ್ತಿತ್ತು. ಅವಳೂ ನೋಡಿದಳು. ಎದ್ದು ಬರಲಾರಳು, ಮದುಮಗನ ಶಾಲಿಗೆ ಸೆರಗು ಗಂಟು ಹಾಕಿತ್ತು. ಸುಗುಣ ಹತ್ತಿರ ಹೋದಳು.

“ಬಂದ್ಯಲೆ” ಎಂದಳು ವನಜ.

“ಧಾರೆ ತಪ್ತ್ ಹೆಣೆ.”

“ತಪ್ಲಿ. ಹೊರಡುವತ್ತಿಗೆ ಹೆಣ್ಣ್ ಒಪ್ಸುದಿತ್ತ್. ಅದ್ ನೀನೇ ಮಾಡ್ಕ್. ಮಾವನಿಗೆ ಹೇಳಿದ್ದೆ.”

ಆಮೇಲೆ ಮಾತಾಡುವುದೆಲ್ಲಿ? ಉಡುಗೊರೆ ಕೊಡುವವರ ಸಾಲು ಬಂತು, ಫೋಟೋದವನು ಬಂದ, ಗಂಡಿನ ಕಡೆಯವರ ಊಟ, ಹೆಣ್ಣಿನ ಕಡೆಯವರ ಊಟ. ಸುಗುಣ ಎರಡು ಸಲ ಎದ್ದು ಮಂಟಪದ ಹತ್ತಿರ ಹೋಗಿ ನಿಂತು ವಾಪಸು ಬಂದಳು. ಮೂರು ಗಂಟೆಗೆ ವ್ಯಾನು ಬಂದು ನಿಂತಿತು.

ಹೆಣ್ಣು ಒಪ್ಪಿಸುವುದು ಎಂದರೆ ಹೆಣ್ಣಿನ ತಾಯಿ ಮಗಳ ಕೈಯನ್ನು ಗಂಡಿನ ತಾಯಿಯ ಕೈಯಲ್ಲಿಟ್ಟು ನಾಲ್ಕು ಮಾತು ಹೇಳುವುದು. ನಮ್ಮ ಹೆಣ್ಣನ್ನು ನಿಮ್ಮ ಮಡಿಲಿಗೆ ಹಾಕಿದ್ದೇವೆ, ತಪ್ಪಿದರೆ ತಿದ್ದಿಕೊಳ್ಳಿ, ಹೀಗೆ. ಎಲ್ಲರಿಗೂ ಬಾಯಿಪಾಠ. ಗಂಡಿನ ತಾಯಿ ಪದ್ದು ಕೈ ಚಾಚಿ ನಿಂತರು. ಮೂವತ್ತು ವರ್ಷ ಡೊಂಬಿವಿಲಿಯಲ್ಲಿದ್ದ ಹೆಂಗಸು. “ಚಲೋ, ಒಪ್ಸಿ ಅಕ್ಕ, ಗಾಡಿಗೆ ಟೈಮ್ ಆಯ್ತ್” ಎಂದರು.

ಸುಗುಣ ವನಜನ ಕೈ ಹಿಡಿದಳು. ಬಾಯಿಪಾಠದ ಮಾತು ಮರೆತೇಹೋಯಿತು. ತನಗೆ ಗೊತ್ತಿದ್ದದ್ದು ಮಾತ್ರ ಹೊರಗೆ ಬಂತು.

“ಅಮ್ಮಾ, ಇದಕ್ಕೆ ಸಿಟ್ಟ್ ಬಂದ್ರೆ ಉಣ್ಣುದ್ ಬಿಡುದಿಲ್ಲ, ಜಾಸ್ತಿ ಉಣ್ತ್. ಅಷ್ಟ್ ಹೊತ್ತಿಗೆ ಮಾತಾಡ್ಸೂಕ್ ಹೋಬೇಡಿ. ಗುಡುಗಿಗೆ ಹೆದ್ರ್‍ಕಂತ್, ಆದ್ರೆ ಹೇಳುದಿಲ್ಲ. ಬೆಳಿಗ್ಗೆ ಎದ್ದ್ ಕೂಡ್ಲೆ ಚಾ ಬೇಕ್, ಬೆಲ್ಲದ್ದ್. ಚಾ ಕುಡೀದೆ ಅದ್ ಮನ್ಷರ ಹಾಂಗ್ ಇರುದಿಲ್ಲ...”

ಗಂಡಿನ ಕಡೆಯವರು ನಕ್ಕರು. ಪದ್ದುವೂ ನಕ್ಕರು. ವನಜ ನಗಲಿಲ್ಲ. ಅವಳು ಸುಗುಣನ ಬೆರಳುಗಳನ್ನು ಒತ್ತಿ, ಮೆಲ್ಲಗೆ ಅಂದಳು.

“ಚಾ ಬಿಟ್ಟ್ ಐದ್ ವರ್ಷ ಆಯ್ತ್ ಹೆಣೆ. ಹೊಟ್ಟಿಗೆ ಆತಿಲ್ಲೆ.”

ಸುಗುಣ ಅವಳ ಮುಖವನ್ನೇ ನೋಡಿದಳು. ಐದು ವರ್ಷ. ಐದು ವರ್ಷದಿಂದ ದಿನಾ ಬೆಳಿಗ್ಗೆ ತಾನು ಬುಟ್ಟಿ ಹೊರುವ ಹೊತ್ತಿಗೆ, ಅಲ್ಲಿ ವನಜ ಈಗ ಚಾ ಕುಡಿಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದಳು. ಹೊರಗೆ ವ್ಯಾನಿನವನು ಹಾರ್ನ್ ಹೊಡೆದ. ಚಂದಯ್ಯ “ಆಯ್ತಾ?” ಎಂದರು.

“ಹಾಂಗಾರೆ ಬೆಳಿಗ್ಗೆ ಎಂತ ಕುಡೀತೆ?” ಎಂದು ಕೇಳಿದಳು ಸುಗುಣ.

“ಬಿಸ್ನೀರ್. ಜೀರಿಗಿ ಹಾಕಿ.”

“ಎಷ್ಟ್?”

“ಒಂದ್ ಲೋಟ.”

ಸುಗುಣ ತಲೆಯಾಡಿಸಿದಳು. ಮತ್ತೆ ಪದ್ದುವಿನ ಕಡೆ ತಿರುಗಿ, ವನಜನ ಕೈಯನ್ನು ಅವರ ಅಂಗೈಯ ಮೇಲಿಟ್ಟಳು.

“ಬಿಸ್ನೀರ್ ಕೊಡಿ ಅಮ್ಮಾ. ಜೀರಿಗಿ ಹಾಕಿ, ಒಂದ್ ಲೋಟ.”