ನಮ್ ಟೀಮ್ ವಿರುದ್ಧ ನಾನೇ ವಾದ ಮಾಡಿದ್ದು

ಕುಶಾಲನಗರದಲ್ಲಿ ಸಾಫ್ಟ್‌ಬಾಲ್ ಫೈನಲ್ಲು, ಕೊನೇ ಇನಿಂಗ್ಸು, ನಮಗೆ ಒಂದೇ ರನ್ ಲೀಡು, ಫೀಲ್ಡಿಂಗ್ ನಮ್ದು, ಅಷ್ಟೊತ್ತಿಗೆ ನಮ್ ಕ್ಯಾಚರ್ ಲೀಲಾ ಕಾಲು ಉಳುಕಿಸ್ಕೊಂಡ್ಳು! ಬದ್ಲಿ ಆಟಗಾರರು ಯಾರೂ ಇಲ್ಲ. ಬೆಂಚಲ್ಲಿದ್ದಿದ್ದು ಸೀತಕ್ಕ ಒಬ್ರೇ, ಅವರು ಬಾಲ್ ಎಸೆಯೋ ಪಿಚರ್ ಬದ್ಲು ಬ್ಯಾಟ್ ಮಾಡೋಕೆ ಅಂತ ಮಾತ್ರ ಇದ್ದೋರು. ಅವರು ಲೀಲಾ ಹತ್ರ ಮಾಸ್ಕ್ ಇಸ್ಕೊಂಡು ಹಾಕ್ಕೊಂಡೇಬಿಟ್ರು.

ಮ್ಯಾನೇಜರ್ ನಾನಲ್ವಾ, ಅಂಪೈರ್ ಹತ್ರ ಓಡಿದೆ. "ಸಾರ್, ಬ್ಯಾಟಿಂಗಿಗೆ ಇಟ್ಟೋರು ಫೀಲ್ಡಿಗೆ ಇಳಿಯಂಗಿಲ್ಲ! ನಮ್ ಕಾಲೇಜ್ ಲೀಗಲ್ಲಿ ಅದೇ ರೂಲು!"

"ಇಲ್ಲಿ ಬೇರೆ ರೂಲಮ್ಮ. ಇವರು ಯಾರ ಜಾಗದಲ್ಲಾದ್ರೂ ಫೀಲ್ಡ್ ಮಾಡ್ಬೋದು. ಲೀಲಾ ಬ್ಯಾಟಿಂಗ್ ಸರದಿಯಲ್ಲಿ ಹಂಗೇ ಇರ್ತಾರೆ."

"ಅದ್ಹೆಂಗೆ ಸಾರ್? ಫೀಲ್ಡಿಗೆ ಒಂಬತ್ತು ಜನ ಬೇಕು, ಎಂಟೇ ಜನ ಉಳಿದ್ರು, ಮ್ಯಾಚ್ ಬಿಟ್ಕೊಡ್ಬೇಕು!"

ಅವರು ನನ್ನೇ ನೋಡಿದ್ರು. "ನೀವು ಆ ಕಡೆ ಟೀಮಾ?"

"ಅಲ್ಲ ಸಾರ್, ಇದೇ ಟೀಮು!"

"ಬಾಯಿ ಮುಚ್ಚೇ ಮಾರಾಯ್ತಿ!" ಸೀತಕ್ಕ ಅಲ್ಲಿಂದಲೇ ಕೂಗಿದ್ರು. ಎದುರು ಟೀಮಿನ ಕೋಚ್ ಮಾತ್ರ "ಪಾಪ, ಆ ಹುಡ್ಗಿ ನ್ಯಾಯವಾಗೇ ಹೇಳ್ತಿದ್ದಾಳೆ" ಅಂತಿದ್ರು!

ಸೀತಕ್ಕ ಇಳಿದ್ರು, ರನ್ ಪೂರ್ತಿಯಾಗೋ ಹೋಮ್ ಪ್ಲೇಟಲ್ಲಿ ಕೊನೇ ಔಟನ್ನೂ ಅವರೇ ಮಾಡಿದ್ರು, ಗೆದ್ವಿ! ಈಗ್ಲೂ ನಾನೇ ಮ್ಯಾನೇಜರ್. ಅಂಪೈರ್ ಹತ್ರ ಮಾತಾಡೋಕೆ ಮಾತ್ರ ನನ್ನ ಬದ್ಲು ಲೀಲಾನ ಇಟ್ಟಿದ್ದಾರೆ.